ಸೆಕೆಂಡ್ ಕ್ಲಾಸ್ ಪಾಸಿನವನನ್ನು ಹುಡುಕುವ ತರ್ಕ

ಗಲ್ಲಾದಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಯಾವ ಪದವಿಯೂ ಬೇಡ, ಎದುರು ನಿಂತವನ ಲೆಕ್ಕಾಚಾರ ಅವನಿಗೆ ತಾನೇ ತಿಳಿಯುತ್ತದೆ. ಮುಂಬಯಿಯಲ್ಲಿ ಈ ಮಾತು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಹಾಗಾಗಿ ಆ ಮಾತಿನ ಹಿಂದೆ ಅಭಿಮಾನವೂ ಇದೆ. ಆ ಅಭಿಮಾನ ಇಟ್ಟುಕೊಂಡೇ ನಾನು ಮನಶ್ಶಾಸ್ತ್ರ ಓದಿದೆ, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ.

ಗಲ್ಲಾದವನ ಬಗೆಗಿನ ಆ ಮಾತನ್ನು ಪ್ರಯೋಗಕ್ಕೆ ಒಡ್ಡಬೇಕೆಂದು ಹೊರಟಾಗ ಮಾಡಬೇಕಾದ ಮೊದಲ ಕೆಲಸ ಮಾತನ್ನು ಚಿಕ್ಕದು ಮಾಡುವುದು. ‘ಲೆಕ್ಕಾಚಾರ ತಿಳಿಯುತ್ತದೆ’ ಎಂಬುದನ್ನು ಯಾರೂ ಸುಳ್ಳು ಮಾಡಲಾರರು. ತಿಳಿದರೆ ಅದು ಅನುಭವ, ತಿಳಿಯದಿದ್ದರೆ ಆ ಗಿರಾಕಿಯೇ ವಿಚಿತ್ರ. ಸೋಲಲು ದಾರಿಯೇ ಇಲ್ಲದ ಮಾತನ್ನು ಪರೀಕ್ಷಿಸುವುದು ಹೇಗೆ? ಹಲವು ಸಲ ಬರೆದು ಅಳಿಸಿದ ಮೇಲೆ ನನ್ನ ಪ್ರಾಕಲ್ಪನೆ, ಎಂದರೆ ಪರೀಕ್ಷೆಗೆ ಒಡ್ಡುವ ಊಹೆ, ಹೀಗೆ ನಿಂತಿತು: ನಿಯಮ ಮುರಿದವನನ್ನು ಪತ್ತೆಹಚ್ಚಲು ಯಾವ ಮಾಹಿತಿ ನೋಡಬೇಕೆಂದು ಆರಿಸುವ ಶಕ್ತಿ ಶಾಲೆಯ ಓದಿಗಿಂತ ಹೆಚ್ಚಾಗಿ ನಿಯಮ ಕಾಯುವ ರೂಢಿಯಿಂದ ಬರುತ್ತದೆ.

ಇದನ್ನು ಅಳೆಯಲು ಹೊಸ ಸಾಧನ ಬೇಕಿರಲಿಲ್ಲ. ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ನಾಲ್ಕು ಕಾರ್ಡುಗಳ ಸಮಸ್ಯೆ ಇತ್ತು. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಒಂದು ಬದಿ ಸ್ವರಾಕ್ಷರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ ಎಂಬುದು ನಿಯಮ. ಮೇಜಿನ ಮೇಲೆ ಒಂದು ಸ್ವರ, ಒಂದು ವ್ಯಂಜನ, 4, 7 ಕಾಣುತ್ತಿವೆ. ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವುದನ್ನು ತಿರುಗಿಸಬೇಕು? ಬಹುಪಾಲು ಜನ ಸ್ವರವನ್ನೂ 4ನ್ನೂ, ಇಲ್ಲವೆ ಸ್ವರವೊಂದನ್ನೇ ಆರಿಸುತ್ತಾರೆ. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತದೆ. ನೋಡಬೇಕಾದ್ದು ಸ್ವರ ಮತ್ತು 7. ಈ ರೂಪದಲ್ಲಿ ಸರಿಯುತ್ತರ ಕೊಡುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರು, ಅಥವಾ ಅದಕ್ಕಿಂತ ಕಡಿಮೆ. ಹಾಗೆ ತಪ್ಪಿದವರಲ್ಲಿ ಹೆಚ್ಚಿನವರು ಕಾಲೇಜು ಓದಿದವರು ಎಂಬುದನ್ನು ಗಮನಿಸಬೇಕು.

ಇದೇ ಸಮಸ್ಯೆಗೆ ಬೇರೆ ಬಟ್ಟೆ ತೊಡಿಸಿದರೆ ಫಲಿತಾಂಶ ತಲೆಕೆಳಗಾಗುತ್ತದೆ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಅಮೆರಿಕದ ಫ್ಲಾರಿಡಾದ ವಿದ್ಯಾರ್ಥಿಗಳಿಗೆ ‘ಬಿಯರ್ ಕುಡಿಯುವವರಿಗೆ 19 ದಾಟಿರಬೇಕು’ ಎಂಬ ನಿಯಮ ಕೊಟ್ಟಾಗ ಹೆಚ್ಚು ಕಡಿಮೆ ನಾಲ್ವರಲ್ಲಿ ಮೂವರು ಸರಿಯಾಗಿ ಆರಿಸಿದರು. ಏಕೆ ಎಂಬ ಜಗಳ ಇನ್ನೂ ನಿಂತಿಲ್ಲ. ಪರಿಚಿತ ವಿಷಯವಾದ್ದರಿಂದ ಎನ್ನುವುದು ಒಂದು ವಾದ. ಅನುಮತಿಯ ನಿಯಮಗಳಿಗೆಂದೇ ಮನಸ್ಸಿನಲ್ಲಿ ಒಂದು ಚೌಕಟ್ಟು ಇರುತ್ತದೆ ಎಂದು ಚೆಂಗ್ ಮತ್ತು ಹೋಲಿಯೋಕ್ 1985ರಲ್ಲಿ ವಾದಿಸಿದರು. ಮೋಸ ಹಿಡಿಯುವ ಶಕ್ತಿ ವಿಕಾಸದಿಂದಲೇ ಬಂದದ್ದು ಎಂದು ಲೇಡಾ ಕಾಸ್ಮಿಡೀಸ್ 1989ರಲ್ಲಿ ಬರೆದರು. ನನ್ನ ಊಹೆ ಸರಿ ಎಂದು ತೋರಿಸುವ ಪ್ರಯೋಗ ಕಟ್ಟುವುದು ಸುಲಭವಿತ್ತು, ಆದರೆ ಈ ವಾದಗಳೂ ಅದೇ ಫಲಿತಾಂಶವನ್ನು ಮೊದಲೇ ಹೇಳುತ್ತಿದ್ದರೆ ನಾನು ಕಂಡುಕೊಂಡಂತಾಗುವುದೇನು? ಆದ್ದರಿಂದ ಅವು ಬೇರೆಬೇರೆ ಉತ್ತರ ಕೊಡುವ ಕಡೆಗಳನ್ನೇ ಹುಡುಕಿ ನಾಲ್ಕು ಬಗೆಯ ಸಮಸ್ಯೆ ಮಾಡಿದೆ.

ಮೊದಲನೆಯದು ಕೆಂಪು-ಹಸಿರು, ವೃತ್ತ-ಚೌಕಗಳ ಒಣ ಸಮಸ್ಯೆ. ಸ್ವರ, ವ್ಯಂಜನ ಬೇಡವೆಂದೆ. ಶಾಲೆ ಬಿಟ್ಟು ದಶಕಗಳಾದವರು ಅಲ್ಲಿ ತಪ್ಪಿದರೆ ಅದು ವ್ಯಾಕರಣ ಮರೆತದ್ದೋ ತರ್ಕ ತಪ್ಪಿದ್ದೋ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ವಿಷಯ ಪರಿಚಿತ, ಆದರೆ ಕಾಯಬೇಕಾದ ಕಟ್ಟಳೆ ಏನಿಲ್ಲ. ‘ನಾನು ಮಂಗಳೂರಿಗೆ ಹೋಗುವಾಗಲೆಲ್ಲ ಬಸ್ಸಿನಲ್ಲೇ ಹೋಗುತ್ತೇನೆ’ ಎಂದು ಒಬ್ಬ ಹೇಳುತ್ತಾನೆ. ಚೀಟಿಗಳಲ್ಲಿ ಮಂಗಳೂರು, ಪುಣೆ, ಬಸ್ಸು, ರೈಲು. ಅವನ ಮಾತು ನಿಜವೇ ಎಂದು ನೋಡಬೇಕು. ಮೂರನೆಯದು ನಮ್ಮ ಲೋಕಲ್ ರೈಲು. ‘ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಇರುವವನ ಹತ್ತಿರ ಫಸ್ಟ್ ಕ್ಲಾಸ್ ಪಾಸ್ ಇರಬೇಕು.’ ನಾಲ್ಕು ಚೀಟಿ ಎಂದರೆ ನಾಲ್ವರು ಪ್ರಯಾಣಿಕರು. ಇಬ್ಬರು ಎಲ್ಲಿ ಕೂತಿದ್ದಾರೆಂದು ಮಾತ್ರ ಗೊತ್ತು, ಇನ್ನಿಬ್ಬರ ಪಾಸ್ ಯಾವುದೆಂದು ಮಾತ್ರ ಗೊತ್ತು. ನಾಲ್ಕನೆಯದು ಯಾರೂ ಕಾಣದ ಒಂದು ಬಂದರು: ಇಳಿಯುವವನ ಕೈಯಲ್ಲಿ ಹಳದಿ ಚೀಟಿ ಇರಬೇಕು. ಕಟ್ಟಳೆ ಇದೆ, ಪರಿಚಯವಿಲ್ಲ. ಇದನ್ನು ಬಿಡಿಸಲು ಕೂತವರಲ್ಲಿ ಅರ್ಧ ಮಂದಿಗೆ ಕಾರಣವನ್ನೂ ಹೇಳಿದೆ. ಹಳದಿ ಚೀಟಿ ಎಂದರೆ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಗುರುತು.

ಪರಿಚಯವೇ ಕಾರಣವಾದರೆ ಮಂಗಳೂರಿನ ಸಮಸ್ಯೆಯೂ ಸುಲಭವಾಗಬೇಕು. ಅನುಮತಿಯ ಚೌಕಟ್ಟು ಕಾರಣವಾದರೆ ಬಂದರಿನದು ಸುಲಭವಾಗಬೇಕು, ಅದರಲ್ಲೂ ಕಾರಣ ತಿಳಿದಾಗ. ನನ್ನ ಊಹೆ ನಿಲ್ಲಬೇಕಾದರೆ ಗಲ್ಲಾದವರು, ಮ್ಯಾನೇಜರುಗಳು ಉಳಿದವರಿಗಿಂತ ಎರಡೂ ಕಟ್ಟಳೆಗಳಲ್ಲಿ ಮುಂದಿರಬೇಕು.

ಒಬ್ಬರಿಗೆ ಒಂದೇ ಸಮಸ್ಯೆ. ಮೊದಲು ರೈಲಿನದನ್ನು ಬಿಡಿಸಿದವನು ಅದರ ಗುಟ್ಟನ್ನು ಬಣ್ಣದ ಚೀಟಿಗಳಿಗೂ ಒಯ್ಯಬಹುದು. ಯಾರಿಗೆ ಯಾವುದು ಎಂಬುದನ್ನು ನಾನು ಆರಿಸಲಿಲ್ಲ. ಯಾದೃಚ್ಛಿಕ ಅಂಕಿಗಳ ಪ್ರಕಾರ ಮೊದಲೇ ಜೋಡಿಸಿ ಅಂಟಿಸಿದ ಲಕೋಟೆಗಳಿದ್ದವು, ಮೇಲಿನದನ್ನು ತೆಗೆದುಕೊಡುವುದಷ್ಟೇ ಕೆಲಸ. ಚುರುಕು ಮುಖದ ಹುಡುಗನಿಗೆ ರೈಲಿನ ಸಮಸ್ಯೆ ಕೊಡೋಣ ಎಂಬ ಆಸೆ ಸಂಶೋಧಕರಿಗೆ ಅರಿವಿಲ್ಲದೆಯೇ ಬರುತ್ತದೆ. ಲಕೋಟೆ ಆ ಆಸೆಗೆ ಜಾಗ ಕೊಡುವುದಿಲ್ಲ.

ಹೋಟೆಲಿನಲ್ಲಿ ಕೆಲಸದ ಹೊತ್ತು ತಿಳಿದವರಿಗೆ ಗೊತ್ತು, ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಒಂದಿಷ್ಟು ಬಿಡುವು ಸಿಗುತ್ತದೆ. ಮಾಟುಂಗಾ, ಮುಲುಂದ್, ಡೊಂಬಿವಲಿಗಳಲ್ಲಿ ಆ ಹೊತ್ತಿಗೇ ಹೋಗುತ್ತಿದ್ದೆ. ಒಬ್ಬ ಮಾಲೀಕರು ಪ್ರೀತಿಯಿಂದಲೇ ಹೇಳಿದರು, “ನಮ್ಮ ಹುಡುಗ್ರು ನಾನು ಹೇಳಿದ್ರೆ ಕೂತ್ಕೊಳ್ತಾರೆ, ನೀವು ಬನ್ನಿ ಮೇಡಂ.” ಅಲ್ಲೇ ತೊಡಕು. ಧಣಿ ಹೇಳಿದ್ದಕ್ಕೆ ಕೂತವನ ಒಪ್ಪಿಗೆ ಒಪ್ಪಿಗೆಯಲ್ಲ. ಉತ್ತರ ಧಣಿಯ ಕಿವಿಗೆ ಬೀಳುತ್ತದೆ ಎಂಬ ಅಂಜಿಕೆಯಿದ್ದರೆ ಅವನು ಯೋಚಿಸುವುದು ಚೀಟಿಯ ಬಗ್ಗೆ ಅಲ್ಲ, ಕೆಲಸದ ಬಗ್ಗೆ. ಮಾಲೀಕರಿಂದ ಜಾಗ ಮತ್ತು ಸಮಯಕ್ಕೆ ಮಾತ್ರ ಅನುಮತಿ ಪಡೆದೆ. ಭಾಗವಹಿಸುವ ಮಾತನ್ನು ಒಬ್ಬೊಬ್ಬರ ಹತ್ತಿರ ಬೇರೆಯಾಗಿ, ಗಲ್ಲಾದಿಂದ ದೂರ ಕೂತು ಕೇಳಿದೆ. ಬೇಡ ಎಂದವರ ಹೆಸರನ್ನೂ ಬೇಕು ಎಂದವರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಒಬ್ಬರ ಅಧೀನದಲ್ಲಿರುವವರ ಬಗ್ಗೆ ವಿಶೇಷ ಎಚ್ಚರ ಕೇಳುತ್ತದೆ. ಆ ಎಚ್ಚರವಿಲ್ಲದೆ ಸಿಕ್ಕ ಮಾಹಿತಿ ವಿಜ್ಞಾನವಾಗಿಯೂ ಕೆಟ್ಟದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ಹಣದ ವಿಚಾರದಲ್ಲೂ ಯೋಚಿಸಬೇಕಾಯಿತು. ಸರಿಯುತ್ತರಕ್ಕೆ ಬಹುಮಾನ ಇಡಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಆದರೆ ಹಣ ಮನಸ್ಸಿನ ಪ್ರೇರಣೆಯನ್ನೇ ಬದಲಿಸುತ್ತದೆ. ಎಡ್ವರ್ಡ್ ಡೆಸಿ 1971ರಲ್ಲಿ ಒಗಟಿನ ತುಂಡುಗಳನ್ನು ಜೋಡಿಸುವುದಕ್ಕೆ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ನೋಡಿದಾಗ, ಹಣ ನಿಂತ ಮೇಲೆ ಅವರು ಬಿಡುವಿನಲ್ಲಿ ಅದನ್ನು ಮುಟ್ಟುವುದೇ ಕಡಿಮೆಯಾಯಿತು. ಸಮಯಕ್ಕೆಂದು ಎಲ್ಲರಿಗೂ ಒಂದೇ ಮೊತ್ತ, ಅದೂ ಚೀಟಿ ತೋರಿಸುವ ಮೊದಲೇ ಕೊಟ್ಟುಬಿಟ್ಟೆ.

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಕೊನೆಯಲ್ಲಿ ಕೇಳುತ್ತಿದ್ದ ಒಂದೇ ಪ್ರಶ್ನೆ: ಯಾಕೆ ಇವನ್ನೇ ಆರಿಸಿದಿರಿ? ಬಣ್ಣದ ಚೀಟಿ ಸಿಕ್ಕ ಒಬ್ಬ ಸಪ್ಲೈಯರ್, “ನಾಲ್ಕೂ ತಿರುಗಿಸಿದ್ರೆ ಆಯ್ತಲ್ಲ ಮೇಡಂ, ಅದಕ್ಕೆಂತ?” ಎಂದ. ಅಂಕದ ಲೆಕ್ಕದಲ್ಲಿ ಅದು ತಪ್ಪು. ತಿರುಗಿಸಲು ಖರ್ಚೇ ಇಲ್ಲದಾಗ ನಾಲ್ಕನ್ನೂ ನೋಡುವುದು ಅವನ ಮಟ್ಟಿಗೆ ಬುದ್ಧಿವಂತಿಕೆ. ರಷ್ಯಾದ ಅಲೆಕ್ಸಾಂಡರ್ ಲೂರಿಯಾ 1931–32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗರಿಗೆ ಕೇಳಿದ ಕರಡಿಯ ಪ್ರಶ್ನೆ ಆಗ ನೆನಪಾಗದೆ ಇರಲಿಲ್ಲ. ದೂರದ ಉತ್ತರದಲ್ಲಿ ಹಿಮವಿರುವ ಕಡೆ ಕರಡಿಗಳೆಲ್ಲ ಬಿಳಿ, ನೊವಾಯಾ ಜೆಮ್ಲ್ಯಾ ಇರುವುದು ಆ ಉತ್ತರದಲ್ಲೇ, ಅಲ್ಲಿ ಸದಾ ಹಿಮ, ಅಲ್ಲಿನ ಕರಡಿ ಯಾವ ಬಣ್ಣ? ಕಾಣದ್ದನ್ನು ನಾವು ಹೇಳುವುದಿಲ್ಲ ಎಂಬ ಧಾಟಿಯಲ್ಲಿ ಉತ್ತರಿಸಿದವರಿದ್ದರು. ಅದನ್ನು ತರ್ಕದ ಕೊರತೆ ಎಂದು ಓದುವುದು ಅನ್ಯಾಯ, ಕಾಣದ್ದಕ್ಕೆ ಸಾಕ್ಷಿ ಹೇಳದ ಜನ ಅವರು. ಹೀಗಾಗಿ ಉತ್ತರದ ಜೊತೆ ಕಾರಣವನ್ನೂ ಅವರದೇ ಮಾತಿನಲ್ಲಿ ಬರೆದುಕೊಂಡೆ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದೆ. ನನ್ನ ಊಹೆ ಏನೆಂದು ತಿಳಿಯದ ಇಬ್ಬರು ವಿದ್ಯಾರ್ಥಿಗಳು ಆ ಕಾರಣಗಳನ್ನು ಬೇರೆಬೇರೆ ಕೂತು ವಿಂಗಡಿಸಿದರು.

ಇಷ್ಟು ಜನ ಆಗುವವರೆಗೆ ನಡೆಸುತ್ತೇನೆ, ನಡುವೆ ಎಣಿಸುವುದಿಲ್ಲ, ಹೋಲಿಕೆಗೆ, ಕಂಡ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಫಿಶರ್ ಪರೀಕ್ಷೆ ಬಳಸುತ್ತೇನೆ ಎಂದು ಮೊದಲೇ ಬರೆದು, ಸಂಶೋಧನೆಯ ಯೋಜನೆಗಳನ್ನು ದಾಖಲಿಸುವ ಜಾಲತಾಣವಾದ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ದಾಖಲಿಸಿದ್ದೆ. ಬೇಕಾದ ಫಲ ಕಂಡ ಕೂಡಲೇ ನಿಲ್ಲಿಸಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. 2015ರಲ್ಲಿ ಮನಶ್ಶಾಸ್ತ್ರದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ ಶೇಕಡ 97ರಷ್ಟು ಸಾರ್ಥಕ (ಬರಿಯ ಆಕಸ್ಮಿಕ ಎನ್ನಲಾಗದ) ಫಲಿತಾಂಶ ತೋರಿಸಿದ್ದವು, ಪುನರಾವರ್ತನೆಯಲ್ಲಿ ಶೇಕಡ 36 ಮಾತ್ರ. ಈ ಅಂಕಿ ಓದಿದ ಮೇಲೂ ಬರೆದಿಡದೆ ಪ್ರಯೋಗಕ್ಕೆ ಇಳಿಯುವ ಧೈರ್ಯ ನನಗಿಲ್ಲ.

ಬಣ್ಣದ ಚೀಟಿಯಲ್ಲಿ ಓದಿದವರೂ ಓದದವರೂ ಒಂದೇ ಬಗೆಯಲ್ಲಿ ಎಡವಿದರು, ನಿಯಮದಲ್ಲಿ ಹೆಸರು ಬಂದ ಚೀಟಿಗಳನ್ನೇ ಎತ್ತಿಕೊಂಡರು. ಮಂಗಳೂರಿನ ಬಸ್ಸು ಅದಕ್ಕಿಂತ ಹೆಚ್ಚೇನೂ ನೆರವಾಗಲಿಲ್ಲ. ನಮ್ಮವರಿಗೆ ಆ ದಾರಿಯಷ್ಟು ಪರಿಚಿತವಾದದ್ದು ಇನ್ನೇನಿದೆ? ಪರಿಚಯದ ವಾದಕ್ಕೆ ಅಲ್ಲಿ ಪೆಟ್ಟು ಬಿತ್ತು. ರೈಲಿನ ಚೀಟಿ ಬಂದವರು ಯೋಚಿಸಲೂ ಇಲ್ಲ. “ಸೆಕೆಂಡ್ ಪಾಸಿನವ ಎಲ್ಲಿ ಕೂತಿದ್ದಾನೆ ನೋಡ್ಬೇಕು, ಹತ್ತೋದು ಅವನೇ ಅಲ್ವಾ?” ಎಂದರು ಪಾತ್ರೆ ತೊಳೆಯುವ ಹಿರಿಯರೊಬ್ಬರು, ನಾನು ವಾಕ್ಯ ಮುಗಿಸುವ ಮೊದಲೇ. ಬಂದರಿನ ಸಮಸ್ಯೆ ಕಾರಣವಿಲ್ಲದೆ ಕಷ್ಟವಾಯಿತು, ಜ್ವರದ ಮಾತು ಸೇರಿಸಿದಾಗ ಹಗುರಾಯಿತು.

ನನ್ನ ಸ್ವಂತ ಊಹೆ ಮಾತ್ರ ನಿಲ್ಲಲಿಲ್ಲ. ಗಲ್ಲಾದವರು ಉಳಿದವರಿಗಿಂತ ಮುಂದಿದ್ದರು ಎನ್ನಲು ಆಧಾರ ಸಿಗಲಿಲ್ಲ. ರೈಲಿನ ವಿಷಯದಲ್ಲಿ ಬಹುತೇಕ ಎಲ್ಲರೂ ಸರಿಯಾಗಿದ್ದರಿಂದ ಅಲ್ಲಿ ಅಂತರ ಕಾಣಲು ಜಾಗವೇ ಇರಲಿಲ್ಲ. ಆ ಮಾತನ್ನು ಬಂದರಿನ ವಿಷಯದಲ್ಲಿ ಹೇಳುವಂತಿಲ್ಲ. ಅಲ್ಲಿ ಅಂತರಕ್ಕೆ ಜಾಗವಿತ್ತು, ಅಂತರ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಹಿತವಾಗಲಿಲ್ಲ, ಆದರೆ ಇನ್ನೊಂದು ಬದಿಯಿಂದ ನೋಡಿದರೆ ಖುಷಿಯೂ ಇದೆ. ಪಾತ್ರೆ ತೊಳೆಯುವವರು ಗಲ್ಲಾದವರಿಗಿಂತ ಹಿಂದೆ ಬೀಳಲಿಲ್ಲ.

ಈಗ ಹೊಸದಕ್ಕೆ ಸಿದ್ಧತೆ ನಡೆದಿದೆ. ವಾರಾಂತ್ಯದಲ್ಲಿ ದುಡಿದ ನೌಕರನಿಗೆ ವಾರದ ನಡುವೆ ಒಂದು ದಿನ ರಜೆ ಎಂಬ ನಿಯಮವನ್ನು ಗಿಗರೆನ್ಜರ್ ಮತ್ತು ಹೂಗ್ 1992ರಲ್ಲಿ ಬಳಸಿದ್ದರು. ನೌಕರನ ಜಾಗದಲ್ಲಿ ನಿಂತು ನೋಡಿದವರು ದುಡಿದೂ ರಜೆ ಸಿಗದವನನ್ನು ಹುಡುಕಿದರು, ಧಣಿಯ ಜಾಗದಲ್ಲಿ ನಿಂತವರು ದುಡಿಯದೆ ರಜೆ ಪಡೆದವನನ್ನು. ಅವರ ಪ್ರಯೋಗದಲ್ಲಿ ಆ ಪಾತ್ರಗಳು ಕಲ್ಪನೆಯವು. ನಮ್ಮ ಹೋಟೆಲುಗಳಲ್ಲಿ ಇಬ್ಬರೂ ನಿಜವಾಗಿಯೇ ಇದ್ದಾರೆ, ಮೊದಲು ಮಾಣಿಯಾಗಿದ್ದು ಆಮೇಲೆ ಮಾಲೀಕರಾದವರೂ ಇದ್ದಾರೆ. ಮೂರನೆಯ ಆ ಗುಂಪಿನವರು ಧಣಿಗಳಂತೆಯೇ ಚೀಟಿ ಆರಿಸುತ್ತಾರೆ, ಹಳೆಯ ದುಡಿಮೆಯ ನೆನಪು ಆಯ್ಕೆಯನ್ನು ಬದಲಿಸುವುದಿಲ್ಲ ಎಂಬುದು ಈ ಸಲದ ಪ್ರಾಕಲ್ಪನೆ. ಅದು ಸುಳ್ಳಾಗಲಿ ಎಂಬುದು ನನ್ನ ಆಸೆ. ಆದ್ದರಿಂದಲೇ ಲಕೋಟೆ ಅಂಟಿಸುವ ಕೆಲಸವನ್ನು ಈ ಬಾರಿ ನನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದೇನೆ.