ಕರಡು ಬರೆಯುವ ಮೊದಲೇ ಕೇಳಿ: ಜೌಗು, ಹುಲ್ಲುಗಾವಲಿನ ಯೋಜನೆಯಲ್ಲಿ ನನ್ನ ಅನುಭವ

ಒಂದು ಜೌಗು ಪ್ರದೇಶ, ಅದರ ಸುತ್ತಲಿನ ಹುಲ್ಲುಗಾವಲು, ಇವೆರಡಕ್ಕೂ ಸೇರಿಸಿ ಮುಂದಿನ ಹದಿನೈದು ವರ್ಷಕ್ಕೆ ಯೋಜನೆ ಮಾಡುವಾಗ ಜನರ ಜೊತೆ ಮಾತಾಡುವ ಕೆಲಸ ನನ್ನದು. ಗಿಡ, ಹಕ್ಕಿ, ನೀರಿನ ಲೆಕ್ಕ ನೋಡುವವರು ಬೇರೆ ಇರುತ್ತಾರೆ. ಆ ಜಾಗದ ಮೇಲೆ ಬದುಕು ನಿಂತಿರುವವರನ್ನು ಹುಡುಕಿ, ಅವರು ಹೇಳುವುದು ಯೋಜನೆಯ ಒಳಗೆ ಬರುವ ಹಾಗೆ ನೋಡಿಕೊಳ್ಳುವುದು ನನ್ನ ಪಾಲು. ಹೊಸದಾಗಿ ಈ ಕೆಲಸಕ್ಕೆ ಬರುವವರು ಕೇಳುವ ಮೊದಲ ಪ್ರಶ್ನೆ, ಜನರನ್ನು ಯಾವಾಗ ಕರೆಯಬೇಕು ಅಂತ. ಕರಡು ಬರೆಯುವ ಮೊದಲು ಅಂತ ಹೇಳುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನಿಸಿಲ್ಲ.

ಕರಡು ಅಚ್ಚಾಗಿ ಬಂದ ಮೇಲೆ ಕೇಳಿದರೆ ಜನರಿಗೆ ಉಳಿಯುವುದು ಎರಡೇ ಮಾತು, ಸರಿ ಅಥವಾ ಸರಿಯಿಲ್ಲ. ಗಡಿ ಎಲ್ಲಿ, ದನ ಎಲ್ಲಿಯವರೆಗೆ ಮೇಯಬಹುದು, ತೂಬು ಯಾವಾಗ ತೆಗೆಯಬೇಕು, ಎಲ್ಲ ಆಗಲೇ ತೀರ್ಮಾನವಾಗಿರುತ್ತದೆ. 1969ರಲ್ಲಿ ಅಮೆರಿಕದ ಲೇಖಕಿ ಶೆರ್ರಿ ಆರ್ನ್‌ಸ್ಟೈನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಅದರಲ್ಲಿ ಸುಮ್ನೆ ಅಭಿಪ್ರಾಯ ಕೇಳುವುದು ನಾಲ್ಕನೆಯ ಮೆಟ್ಟಿಲು. ಜೊತೆಗಾರರಾಗಿ ಕೂತು ತೀರ್ಮಾನ ಮಾಡುವುದು ಆರನೆಯದು. ಯಾವ ಮೆಟ್ಟಿಲಿನಲ್ಲಿ ನಿಂತು ಮಾತಾಡುತ್ತಿದ್ದೇವೆ ಅಂತ ಮೊದಲ ದಿನವೇ ಜನರಿಗೆ ಹೇಳಿಬಿಡಬೇಕು. ನಾನು ದೊಡ್ಡ ಹಾಳೆಯಲ್ಲಿ ಮೂರು ಭಾಗ ಮಾಡಿ ಬರೆದು ತೂಗುಹಾಕುತ್ತೇನೆ. ಕಾನೂನಿನ ಪ್ರಕಾರ ಬದಲಿಸಲು ಆಗದ್ದು ಒಂದು ಕಡೆ. ಮೇಲಿನ ಅಣೆಕಟ್ಟಿನಿಂದ ಬಿಡುವ ನೀರಿನ ಹಾಗೆ ನಮ್ಮ ಕೈಯಲ್ಲಿ ಇಲ್ಲದ್ದು ಇನ್ನೊಂದು ಕಡೆ. ನಿಜವಾಗಿ ತೀರ್ಮಾನ ಆಗಬೇಕಾದ್ದು ಮೂರನೇ ಕಡೆ. ಈ ಮೂರನೇ ಭಾಗ ಖಾಲಿ ಇದ್ದರೆ ಸಭೆ ಕರೆಯಲೇಬಾರದು, ಅದು ಜನರ ಒಂದು ದಿನದ ಕೂಲಿಗೆ ಮಾಡುವ ಅನ್ಯಾಯ.

ಮೊದಲ ಸುತ್ತಿನಲ್ಲಿ ನಾನು ಮುಂದಿನ ಹದಿನೈದು ವರ್ಷದ ಬಗ್ಗೆ ಕೇಳುವುದೇ ಇಲ್ಲ. ಈ ಜಾಗ ಮುಂದೆ ಹೇಗಿರಬೇಕು ಅಂತ ಕೇಳಿದರೆ ಎಲ್ಲರೂ ಚೆನ್ನಾಗಿರಬೇಕು ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹಿಂದೆ ಹೇಗಿತ್ತು ಅಂತ ಕೇಳಬೇಕು. ನೀರು ಅತಿ ಹೆಚ್ಚು ಬಂದ ವರ್ಷ ಎಲ್ಲಿಯವರೆಗೆ ಹರಡಿತ್ತು? ಪೂರ್ತಿ ಒಣಗಿದ್ದು ಯಾವಾಗ? ಜೊಂಡು ಈ ಮೂಲೆಗೆ ಬಂದದ್ದು ಯಾವಾಗ, ಅದಕ್ಕೂ ಮೊದಲು ಅಲ್ಲಿ ಏನಿತ್ತು? ನೆಲದ ಮೇಲೆ ಕೋಲಿನಿಂದ ನಕ್ಷೆ ಗೀಚಿ ಕೇಳಿದರೆ ಎಂಬತ್ತು ದಾಟಿದವರು ಎದ್ದು ಬಂದು ಕೋಲು ಕಸಿದುಕೊಂಡು ಗೆರೆ ತಿದ್ದುತ್ತಾರೆ. ಮೇಲಿನಿಂದ ನೆಲದ ಚಿತ್ರ ತೆಗೆಯುವ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ, ಅದರ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಜನ ತೋರಿಸಿದ ನೀರಿನ ಅಂಚನ್ನು ಆ ಹಳೆಯ ಚಿತ್ರಗಳ ಪಕ್ಕ ಇಟ್ಟು ನೋಡುವುದು ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ. ಎರಡೂ ಹೊಂದಿದರೆ ಗಡಿಯ ಬಗ್ಗೆ ಜಗಳ ಅರ್ಧ ಕಡಿಮೆಯಾಗುತ್ತದೆ. ಹೊಂದದಿದ್ದರೆ ಅದಕ್ಕೂ ಕಾರಣ ಇರುತ್ತದೆ. ಎಷ್ಟೋ ಸಲ ಉಪಗ್ರಹ ಹಾದುಹೋದ ದಿನ ಮೋಡ ಇರುತ್ತದೆ, ಇಲ್ಲವೇ ನೀರು ಬಂದು ಹೋಗಿರುತ್ತದೆ, ಅಥವಾ ಹುಲ್ಲಿನ ಕೆಳಗೆ ನಿಂತ ನೀರು ಚಿತ್ರದಲ್ಲಿ ಕಾಣುವುದೇ ಇಲ್ಲ, ಆದರೆ ಅದರಲ್ಲಿ ನಡೆದವರ ಕಾಲಿಗೆ ಗೊತ್ತಿರುತ್ತದೆ.

ಯಾರನ್ನು ಕೇಳಬೇಕು ಅನ್ನುವುದು ಇದಕ್ಕಿಂತ ಕಷ್ಟ. ಮೈಕ್ ಇರುವ ದೊಡ್ಡ ಸಭೆಯಲ್ಲಿ ಮಾತಾಡುವವರು ಯಾವಾಗಲೂ ಅದೇ ಕೆಲವರು. ಜೊಂಡು ಕೊಯ್ಯುವ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರೆ. ಋತುವಿಗೆ ತಕ್ಕ ಹಾಗೆ ಮಂದೆ ಹೊಡೆದುಕೊಂಡು ಬರುವ ಕುರಿಗಾಹಿಗಳು ಸಭೆ ನಡೆಯುವ ತಿಂಗಳಲ್ಲಿ ಆ ಕಡೆ ಇರುವುದೇ ಇಲ್ಲ. ಯೋಜನೆಯಿಂದ ಜಾಸ್ತಿ ಪೆಟ್ಟು ಬೀಳುವುದು ಇವರಿಗೇ ಅಲ್ವಾ? ಹಾಗಾಗಿ ಸಭೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮೊದಲು ಮಂದೆಯ ಹಿಂದೆ ನಡೆಯುತ್ತೇನೆ, ಬಲೆ ಬಿಚ್ಚುವ ಹೊತ್ತಿಗೆ ದಡಕ್ಕೆ ಹೋಗುತ್ತೇನೆ, ಹೆಂಗಸರ ಜೊತೆ ಅವರ ಬಿಡುವಿನಲ್ಲಿ ಬೇರೆಯಾಗಿ ಕೂರುತ್ತೇನೆ. ಯಾರ ಹೆಸರೂ ಬರೆಯದೆ ಅವರು ಹೇಳಿದ್ದನ್ನು ಸಭೆಯಲ್ಲಿ ಓದುತ್ತೇನೆ. ಆಗ ಮುಂದಿನ ಸಾಲಿನವರು ಉತ್ತರ ಕೊಡಲೇಬೇಕಾಗುತ್ತದೆ. ಇದಕ್ಕೆಲ್ಲ ಒಂದು ಪೂರ್ತಿ ವರ್ಷ ಬೇಕು, ಮಳೆಗಾಲ ಮತ್ತು ಬೇಸಿಗೆ ಎರಡೂ ಅದರಲ್ಲಿ ಬರಬೇಕು. ಅಷ್ಟು ಸಮಯ ಇಲ್ಲ ಅನ್ನುವವರಿಗೆ ನಾನು ಕೇವಲಾದೇವದ ಕಥೆ ಹೇಳುತ್ತೇನೆ.

ರಾಜಸ್ಥಾನದ ಭರತ್‌ಪುರದ ಹಕ್ಕಿಗಳ ತಾಣ ಕೇವಲಾದೇವದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರು. ಹಕ್ಕಿಗಳಿಗೆ ಒಳ್ಳೆಯದಾಗಲಿ ಅನ್ನುವುದೇ ಉದ್ದೇಶ. ಸುತ್ತಲಿನ ಹಳ್ಳಿಯವರು ವಿರೋಧಿಸಿದರು, ಪೊಲೀಸರ ಜೊತೆ ಘರ್ಷಣೆಯಾಯಿತು, ಜೀವ ಹೋದವು. ಆಮೇಲೆ ನೀರಿನಲ್ಲಿ ಒಂದು ಜಾತಿಯ ಹುಲ್ಲು ಅಡೆತಡೆಯಿಲ್ಲದೆ ಹಬ್ಬಿತು. ತೆರೆದ ನೀರು ಮುಚ್ಚಿಹೋಯಿತು, ಮೀನಿಗೂ ನೀರುಹಕ್ಕಿಗಳಿಗೂ ತೊಂದರೆಯಾಯಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನ, ಆ ಹುಲ್ಲನ್ನು ಹತೋಟಿಯಲ್ಲಿ ಇಡುತ್ತಿದ್ದದ್ದು ಎಮ್ಮೆಗಳೇ ಅಂತ ತೋರಿಸಿತು. ಹುಲ್ಲು ಎಮ್ಮೆಯ ಬಾಯಲ್ಲಿ ಹೇಗೆ ಕಡಿಮೆಯಾಗುತ್ತದೆ ಅಂತ ದಿನಾ ನೋಡುತ್ತಿದ್ದದ್ದು ಮೇಯಿಸುವವರು. ಆ ಜೀವಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಜನರನ್ನು ಮೊದಲೇ ಕೇಳುವುದು ಸೌಜನ್ಯಕ್ಕೆ ಮಾಡುವ ಕೆಲಸ ಅಂತ ಯಾರಾದರೂ ಅಂದುಕೊಂಡರೆ ನಾನು ಇದನ್ನೇ ಮುಂದಿಡುತ್ತೇನೆ.

ಹುಲ್ಲುಗಾವಲಿನ ಮಾತು ಬಂದರೆ ಕೆಲಸ ಇನ್ನೊಂದು ರೀತಿ. ಜೌಗು ಉಳಿಸಬೇಕು ಅಂತ ಜನರಿಗೆ ಬೇಗ ಅರ್ಥವಾಗುತ್ತದೆ, ನೀರು ಕಣ್ಣಿಗೆ ಕಾಣುತ್ತದೆ. ಬಯಲು ಮಾತ್ರ ಖಾಲಿ ಜಾಗ ಅನಿಸುತ್ತದೆ. ಪ್ರತಿ ಸಲವೂ ಯಾರೋ ಒಬ್ಬರು ಪ್ರೀತಿಯಿಂದಲೇ ಹೇಳುತ್ತಾರೆ, ಇಲ್ಲಿ ಮರ ನೆಡೋಣ ಅಂತ. ಇಂಥವರ ಜೊತೆ ವಾದಕ್ಕೆ ನಿಲ್ಲಬಾರದು, ಅವರು ನಮ್ಮ ಕಡೆಯವರೇ. ನೆಲಗುಬ್ಬಿಗಳು ಮರಿಮಾಡುವ ಕಾಲದಲ್ಲಿ ಅವರನ್ನು ಬಯಲಿನ ಅಂಚಿಗೆ ಕರೆದುಕೊಂಡು ಹೋಗಿ, ಗೂಡಿಗೆ ತೊಂದರೆಯಾಗದಷ್ಟು ದೂರದಿಂದ ದುರ್ಬೀನು ಕೊಟ್ಟು ತೋರಿಸುತ್ತೇನೆ. ಮರ ಬಂದರೆ ಕಾಗೆಗೆ, ಗಿಡುಗಕ್ಕೆ ಕೂತು ನೋಡುವ ಜಾಗ ಸಿಗುತ್ತದೆ, ನೆಲದ ಮೇಲಿನ ಮೊಟ್ಟೆ ಉಳಿಯುವುದು ಕಷ್ಟ. ಹುಲ್ಲು ಕೂಡಿಡುವ ಇಂಗಾಲ ಹೆಚ್ಚಾಗಿ ಮಣ್ಣಿನೊಳಗೆ, ಬೇರಿನಲ್ಲಿ ಇರುತ್ತದೆ. ಇದನ್ನು ತೋರಿಸಲು ಒಂದು ಗುಂಡಿ ತೋಡಿದರೆ ಸಾಕು, ಬೇರು ಎಷ್ಟು ಆಳಕ್ಕೆ ಇಳಿದಿದೆ ಅಂತ ಅವರೇ ಕೈಹಾಕಿ ನೋಡುತ್ತಾರೆ. ಮೇಯಿಸುವವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಅವರ ಜೊತೆ ಮಾತು ಬೇರೆ: ಯಾವ ತುಂಡು ಈ ವರ್ಷ ಬಿಡೋಣ, ಯಾವುದನ್ನು ಮೇಯಿಸೋಣ, ಮರಿಗಳು ಹಾರುವವರೆಗೆ ಹುಲ್ಲು ಕೊಯ್ಯದೆ ಇರಲು ಆಗುತ್ತದಾ, ಆಗದಿದ್ದರೆ ಮೇವಿಗೆ ಏನು ದಾರಿ. ಕೆಲವು ಹಕ್ಕಿಗೆ ಗಿಡ್ಡ ಹುಲ್ಲು ಬೇಕು, ಕೆಲವಕ್ಕೆ ಎತ್ತರದ ಹುಲ್ಲು. ಆದ್ದರಿಂದ ತುಂಡು ತುಂಡಾಗಿ ಸರದಿಯ ಮೇಲೆ ಮೇಯಿಸುವುದು ಹಕ್ಕಿಗಳಿಗೂ ಮೇಯಿಸುವವರಿಗೂ ಒಪ್ಪುತ್ತದೆ.

ಎಲ್ಲವೂ ಹೀಗೆ ಹೊಂದಿಕೊಳ್ಳುವುದಿಲ್ಲ. ಮೀನು ಹಿಡಿಯುವವರಿಗೆ ಆಳದ ನೀರು ಬೇಕು. ಕೆಸರಿನಲ್ಲಿ ಕೊಕ್ಕು ಚುಚ್ಚಿ ತಿನ್ನುವ ಉಲ್ಲಂಕಿಯಂಥ ಹಕ್ಕಿಗೆ ನಾಲ್ಕೈದು ಬೆರಳಿನಷ್ಟು ನೀರು ಸಾಕು, ಆಳವಾದರೆ ಅದು ಕೂರುವುದೇ ಇಲ್ಲ. ಇಲ್ಲಿ ಎಲ್ಲರೂ ಒಪ್ಪಿದರು ಅಂತ ಬರೆದರೆ ಅದು ಸುಳ್ಳಾಗುತ್ತದೆ. ನಾನು ಒಂದೇ ಯೋಜನೆ ಮುಂದಿಡುವುದಿಲ್ಲ, ಮೂರು ದಾರಿ ಇಡುತ್ತೇನೆ, ಅದರಲ್ಲಿ ಒಂದು ಈಗ ಇದ್ದ ಹಾಗೇ ಬಿಡುವುದು. ಈ ಪದ್ಧತಿಯನ್ನು ನಾನು ಕಲಿತದ್ದು ಅಮೆರಿಕದ ವನ್ಯಜೀವಿ ತಾಣಗಳ ಯೋಜನೆಗಳನ್ನು ಓದಿ. ಅಲ್ಲಿ 1997ರ ಕಾನೂನಿನ ಪ್ರಕಾರ ಇಂಥ ತಾಣಗಳಿಗೆ ಸಮಗ್ರ ಯೋಜನೆ ಇರಬೇಕು, 15 ವರ್ಷಕ್ಕೊಮ್ಮೆಯಾದರೂ ಅದನ್ನು ತಿರುಗಿ ನೋಡಬೇಕು, ಜನರಿಗೆ ಅದರಲ್ಲಿ ಪಾಲು ಕೊಡಬೇಕು. ಬೇರೆ ಬೇರೆ ದಾರಿಗಳನ್ನು ಪಕ್ಕಪಕ್ಕ ಇಟ್ಟಾಗ ಯಾರಿಗೆ ಏನು ಹೋಗುತ್ತದೆ ಅಂತ ಕಾಣುತ್ತದೆ. ಮಾತು ಅಲ್ಲಿಂದ ಗಟ್ಟಿಯಾಗುತ್ತದೆ. ಮೀನು ಮತ್ತು ಉಲ್ಲಂಕಿಯ ವಿಷಯದಲ್ಲಿ ಕೊನೆಗೆ ಬಂದದ್ದು, ಒಂದು ಮೂಲೆಯಲ್ಲಿ ಮಾತ್ರ ನೀರನ್ನು ನಿಧಾನವಾಗಿ ಇಳಿಸುವುದು, ಉಳಿದದ್ದು ಆಳವಾಗಿಯೇ ಇರುವುದು. ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲ, ಯೋಜನೆಯಲ್ಲಿ ಅದನ್ನೂ ಬರೆದಿದ್ದೇವೆ.

ಬಂದ ಪ್ರತಿ ಸಲಹೆಗೂ ಲಿಖಿತ ಉತ್ತರ ಕೊಡಬೇಕು. ಏನು ಹೇಳಿದರು, ಏನು ಮಾಡಿದೆವು, ಮಾಡದಿದ್ದರೆ ಯಾಕೆ, ಈ ಮೂರು ಒಂದೇ ಸಾಲಿನಲ್ಲಿ ಇರಬೇಕು. ಕರಡು ಹೊರಬಂದ ದಿನ ಜನ ಮೊದಲು ಹುಡುಕುವುದು ತಮ್ಮ ಸಾಲನ್ನು. ಅದು ಇದ್ದು, ಉತ್ತರ ‘ಆಗುವುದಿಲ್ಲ’ ಅಂತ ಇದ್ದರೂ, ಕಾರಣ ಓದಿ ಒಪ್ಪಿಕೊಂಡವರನ್ನು ನೋಡಿದ್ದೇನೆ. ಸಾಲೇ ಇಲ್ಲದಿದ್ದರೆ ಮುಂದಿನ ಸಲ ಅವರು ಬರುವುದಿಲ್ಲ. ಜೌಗು ಪ್ರದೇಶಗಳನ್ನು ಉಳಿಸಲು ಮಾಡಿಕೊಂಡ 1971ರ ರಾಮ್ಸಾರ್ ಒಪ್ಪಂದದ ದೇಶಗಳು 1999ರಲ್ಲೇ ಸ್ಥಳೀಯರ ಪಾಲ್ಗೊಳ್ಳುವಿಕೆಗೆ ಮಾರ್ಗಸೂಚಿ ಒಪ್ಪಿಕೊಂಡಿವೆ, ಹಾಗಾಗಿ ಇದಕ್ಕೆಲ್ಲ ಅಧಿಕಾರ ಎಲ್ಲಿದೆ ಅಂತ ಕೇಳುವವರಿಗೂ ಉತ್ತರ ಇದೆ.

ಹದಿನೈದು ವರ್ಷದಲ್ಲಿ ಅಧಿಕಾರಿಗಳು ಎಷ್ಟೋ ಸಲ ಬದಲಾಗುತ್ತಾರೆ, ಅಲ್ಲಿ ಉಳಿಯುವುದು ಜನರೇ. ಅದಕ್ಕೆ ಅವರೇ ಅಳೆಯಬಹುದಾದ ಗುರುತುಗಳನ್ನು ಯೋಜನೆಯೊಳಗೆ ಸೇರಿಸುತ್ತೇನೆ. ನೀರಿನ ಮಟ್ಟ ಓದುವ ಕಂಬ. ಒಂದೇ ಜಾಗದಲ್ಲಿ ನಿಂತು ಪ್ರತಿ ವರ್ಷ ಅದೇ ತಿಂಗಳು ತೆಗೆಯುವ ಫೋಟೋ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಅದರ ಜೊತೆ ಸೇರಿಕೊಂಡರೆ ಎಣಿಕೆಗೆ ಬೇರೆ ವ್ಯವಸ್ಥೆಯೇ ಬೇಡ. ಗುರುತು ಇಂಥ ಮಟ್ಟಕ್ಕಿಂತ ಕೆಳಗೆ ಹೋದರೆ ಯಾರು ಏನು ಮಾಡಬೇಕು ಅಂತಲೂ ಮೊದಲೇ ಬರೆದಿಡುತ್ತೇವೆ. ಐದು ವರ್ಷಕ್ಕೊಮ್ಮೆ ತಿರುಗಿ ನೋಡುವ ಸಮಿತಿಯಲ್ಲಿ ಮೇಯಿಸುವವರು, ಮೀನುಗಾರರು, ಜೊಂಡು ಕೊಯ್ಯುವ ಹೆಂಗಸರು ಇರಲೇಬೇಕು, ಮತ್ತು ಬಂದ ದಿನದ ಕೂಲಿ ಅವರಿಗೆ ಸಿಗಬೇಕು. ಆ ಕೂಲಿಯ ಹಣ ಯಾವ ಲೆಕ್ಕದಿಂದ ಬರುತ್ತದೆ ಅಂತ ಯೋಜನೆಗೆ ಸಹಿ ಬೀಳುವ ಮೊದಲೇ ಬರೆಸಿಕೊಳ್ಳಿ.