ವಾಂತಿ-ಭೇದಿ: ಓಆರ್‌ಎಸ್ ಚಮಚದಲ್ಲಿ ಕೊಡಿ

ಕಳೆದ ಮಳೆಗಾಲದಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಒಂದೇ ವಾರಕ್ಕೆ ಮೂರು ಮನೆಯವರು ವಾಂತಿ-ಭೇದಿಯಿಂದ ಮಲಗಿದರು. ಪಕ್ಕದ ಮನೆಗೆ ಹೋದರೆ, ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ (ಉಪ್ಪು-ಸಕ್ಕರೆ ಪುಡಿ) ಪೊಟ್ಟಣವನ್ನು ಪೂರ್ತಿ ಒಂದು ಸ್ಟೀಲ್ ಲೋಟಕ್ಕೆ ಸುರಿದು, ಆರು ವರ್ಷದ ಹುಡುಗನಿಗೆ "ಗಟಗಟ ಕುಡಿ" ಅಂತಿದ್ದರು. ಕುಡಿದ. ಎರಡೇ ನಿಮಿಷ, ಎಲ್ಲವೂ ಚಾಪೆ ಮೇಲೆ.

ಮೊದಲು ಗುರುತಿಸುವುದು. ವಾಂತಿ-ಭೇದಿ ತರುವ ನೊರೊವೈರಸ್ ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ಇದ್ದಕ್ಕಿದ್ದ ಹಾಗೆ ವಾಂತಿ ಶುರು, ಜೊತೆಗೆ ನೀರಿನಂಥ ಭೇದಿ, ಹೊಟ್ಟೆ ಹಿಂಡುವುದು, ಸಣ್ಣ ಜ್ವರ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದರೆ ಇದೇ ಇರಬಹುದು. ಒಂದರಿಂದ ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ಮೆಡಿಕಲ್‌ನಲ್ಲಿ ಕೇಳಿ ತರಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ.

ಈಗ ಓಆರ್‌ಎಸ್. ಎಲ್ಲರೂ ಎಡವುವುದು ಇಲ್ಲೇ. ಪೊಟ್ಟಣದ ಹಿಂದೆ ಎಷ್ಟು ನೀರು ಅಂತ ಬರೆದಿರುತ್ತದೆ, ಓದಿ. ಸುಮಾರು 21 ಗ್ರಾಮಿನ ದೊಡ್ಡದು ಒಂದು ಲೀಟರಿಗೆ, ನಾಲ್ಕು ಗ್ರಾಮಿನ ಚಿಕ್ಕದು 200 ಮಿ.ಲೀ.ಗೆ. ಖಾಲಿ ಲೀಟರ್ ಬಾಟಲಿ ತೊಳೆದಿಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಅಳತೆ ಬೇಡ. ಕುದಿಸಿ ಆರಿಸಿದ ನೀರು ತುಂಬಿಸಿ, ದೊಡ್ಡ ಪೊಟ್ಟಣ ಪೂರ್ತಿ ಹಾಕಿ, ಕುಲುಕಿ. ನೀರು ಕಡಿಮೆಯಾದರೆ ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಅಪಾಯ. ಜಾಸ್ತಿಯಾದರೆ ಉಪಯೋಗವಿಲ್ಲ. ಸಕ್ಕರೆ, ನಿಂಬೆ ಏನೂ ಸೇರಿಸಬೇಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ನಿಲ್ಲದಂತೆ ಚಾಕುವಿನಿಂದ ಸಮ ಮಾಡಿ ಅಳೆಯಿರಿ.

ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಒಂದು ಚಮಚ. ಎರಡು-ಮೂರು ನಿಮಿಷ ಬಿಟ್ಟು ಇನ್ನೊಂದು. ಬಾಯಾರಿಕೆಯಿಂದ ಮಗು ಲೋಟಕ್ಕೆ ಕೈಚಾಚುತ್ತದೆ, ಕೊಡಬೇಡಿ. ಆ ರಾತ್ರಿ ಪಕ್ಕದ ಮನೆಯಲ್ಲಿ ನಾನು ಗಡಿಯಾರ ನೋಡುತ್ತಾ ಹೀಗೇ ಕೊಟ್ಟೆ. ಒಂದೂವರೆ ಗಂಟೆಯ ಮೇಲೆ ಹುಡುಗ ಮೂತ್ರಕ್ಕೆ ಎದ್ದ. ಅವನ ತಾಯಿಗೆ ಅಳುವೇ ಬಂತು. ವಾಂತಿ ನಿಂತ ಮೇಲೆ, ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200. ಎದೆಹಾಲು ನಿಲ್ಲಿಸಬೇಡಿ. ಹಸಿವಾದರೆ ಗಂಜಿ, ಮಜ್ಜಿಗೆ ಅನ್ನ.

ಓಆರ್‌ಎಸ್ ಹೆಸರಲ್ಲಿ ಬರುತ್ತಿದ್ದ ಟೆಟ್ರಾ ಪ್ಯಾಕ್ ಸಿಹಿ ಪಾನೀಯಗಳಿಂದ ದೂರ ಇರಿ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. 2025ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶಿಸಿತು.

ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವಿಲ್ಲದಿದ್ದರೆ, ಕಣ್ಣು ಒಳಗೆ ಹೋದರೆ, ಮಗು ಎಬ್ಬಿಸಿದರೂ ತೂಕಡಿಸಿದರೆ, ಚಮಚದಷ್ಟೂ ನಿಲ್ಲದಿದ್ದರೆ ಮನೆಮದ್ದು ನೆಚ್ಚಿ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಒಂದೇ ಬಾತ್‌ರೂಮಿನ ಮನೆಯಲ್ಲಿ ಶುಚಿ ಬಲು ಮುಖ್ಯ, ಅಲ್ವಾ? ಸ್ಯಾನಿಟೈಸರ್ ಈ ವೈರಸ್ಸಿಗೆ ಸರಿಯಾಗಿ ತಾಗುವುದಿಲ್ಲ, ಸಾಬೂನು ಹಾಕಿ ಕೈ ತಿಕ್ಕಿ ತೊಳೆಯಿರಿ. ವಾಂತಿಯನ್ನು ಪೇಪರಿನಿಂದ ಒತ್ತಿ ತೆಗೆಯಿರಿ, ಪೊರಕೆ ಬೇಡ. ನಂತರ ಒಂದು ಲೀಟರ್ ನೀರಿಗೆ 50 ಮಿ.ಲೀ. ಬ್ಲೀಚ್ ಬೆರೆಸಿ ಆ ಜಾಗಕ್ಕೆ ಹಾಕಿ, ಐದು ನಿಮಿಷ ಬಿಟ್ಟು ಒರೆಸಿ. ಫಿನಾಯಿಲ್ ನಂಬಬೇಡಿ. ಬ್ಲೀಚನ್ನು ಟಾಯ್ಲೆಟ್ ಕ್ಲೀನರಿನ ಆಸಿಡ್ ಜೊತೆ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಅಡುಗೆಗೆ ಕೈ ಹಾಕಬೇಡಿ. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರು ಇದನ್ನು ಮಾಲೀಕರಿಗೆ ಹೇಳಿ ರಜೆ ಕೇಳಲಿ. ಮಾಲೀಕರು ಸಂಬಳ ಹಿಡಿಯದೆ ಕೊಡಲಿ.