ಹುಣ್ಣಿಮೆಯಲ್ಲೇ ಸಿಕ್ಕಿತು ಕಾಪು ದೀಪಸ್ತಂಭದ ಬೆಳಕು

ಉಡುಪಿ ಬಳಿಯ ಕಾಪು ದೀಪಸ್ತಂಭದಿಂದ ಬೀಸುವ ಬೆಳಕಿನ ಕೋಲಿನ ಫೋಟೊವನ್ನು ಹುಣ್ಣಿಮೆ ರಾತ್ರಿ ತೆಗೆಯುತ್ತೇನೆ ಅಂದಾಗ ಗೆಳೆಯರೆಲ್ಲ ಬೇಡ ಅಂದರು. ಬೆಳದಿಂಗಳು ಅದನ್ನು ನುಂಗಿಬಿಡುತ್ತದೆ, ಅಮಾವಾಸ್ಯೆಗೆ ಹೋಗು ಅನ್ನುವುದು ಅವರ ಮಾತು. ಈಗ ನನ್ನ ಗೋಡೆಯ ಮೇಲಿನ ಮೂರಡಿ ಪ್ರಿಂಟ್ ನೋಡಿ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಅಮಾವಾಸ್ಯೆಯಲ್ಲೂ ಬೇಕಾದಷ್ಟು ತೆಗೆದು ನೋಡಿದ್ದೇನೆ. ದಡದ ದೀಪಗಳ ಹಳದಿ ಗೋಪುರಕ್ಕೆ ಮೆತ್ತಿಕೊಳ್ಳುತ್ತದೆ, ಬುಡದ ಬಂಡೆ ಬರೀ ಕಪ್ಪು ಮುದ್ದೆ. ಬಂಡೆ ಕಾಣಲಿ ಎಂದು ಶಟರ್ ಅರ್ಧ ನಿಮಿಷ ತೆರೆದಿಟ್ಟರೆ ಬೆಳಕು ಸುತ್ತಿ ಸುತ್ತಿ ಮಸುಕಾಗುತ್ತದೆ. ಬಂಡೆಗೊಂದು, ಬೆಳಕಿಗೊಂದು ಎಂದು ಎರಡು ಚಿತ್ರ ತೆಗೆದು ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ನನಗೆ ಬೇಕಿದ್ದದ್ದು 1901ರ ನೋಟ. ಗೋಪುರ ಎದ್ದದ್ದು ಆ ವರ್ಷ, ಈ ಕರಾವಳಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ. ಸುಮಾರು 27 ಮೀಟರ್ ಎತ್ತರದ ಅದನ್ನು ಆಗ ರಾತ್ರಿ ತೋರಿಸುತ್ತಿದ್ದದ್ದು ಅದರದೇ ದೀಪ, ಇಲ್ಲವೇ ಚಂದ್ರ.

ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ, ಕ್ಯಾಮೆರಾ ಪಶ್ಚಿಮಕ್ಕೆ ನೋಡುತ್ತದೆ. ಅಂದರೆ ಬೆಳದಿಂಗಳು ನಮ್ಮ ಬೆನ್ನ ಹಿಂದಿನಿಂದ ನೇರ ಗೋಪುರದ ಮೇಲೆ ಬೀಳುತ್ತದೆ, ಅಲ್ವಾ? ಚಂದ್ರ ಮರಗಳನ್ನು ದಾಟಿ ಮೇಲೇರಿದ ಮೇಲೆ ಲೆನ್ಸಿನ ಕಿಂಡಿ ಅಗಲವಾಗಿ ಎಫ್1.8, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 3200ರ ಆಸುಪಾಸು, ಶಟರ್ ಒಂದು ಸೆಕೆಂಡು. ಜಾಸ್ತಿ ಬೇಡವೇ ಬೇಡ. ಬಂಡೆಯ ಬಿರುಕು, ಗೋಪುರದ ಕಪ್ಪು-ಬಿಳಿ ಪಟ್ಟಿ, ಬೆಳಕಿನ ಕೋಲು ಮೂರೂ ಒಂದೇ ಫ್ರೇಮಿನಲ್ಲಿ ಬಂದವು. ಗಾಳಿಯಲ್ಲಿ ಪಸೆ ಇದ್ದರೆ ಕೋಲು ಚೆನ್ನಾಗಿ ಕಾಣುತ್ತದೆ, ಹಾಗಾಗಿ ಮಳೆ ಹಿಂದೆ ಸರಿಯುವ ತಿಂಗಳುಗಳನ್ನೇ ಆರಿಸಿಕೊಂಡೆ. ಮೇಲಿನ ಗಾಜಿನ ಕೋಣೆ ಬೆಳ್ಳಗೆ ಸುಟ್ಟುಹೋಗದಂತೆ ಏನು ಮಾಡಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಹಾಕುವಂಥ ಎಚ್‌ಪಿ5 ಎಂಬ ಕಪ್ಪು-ಬಿಳುಪು ರೀಲನ್ನೂ ಹಾಕಿ ನೋಡಿದೆ. ರೀಲು, ತೊಳೆಸುವುದು, ಸ್ಕ್ಯಾನ್ ಸೇರಿ ಸಾವಿರದ ಮೇಲೆ ಹೋಯಿತು. ಬೆಳದಿಂಗಳಿಗೆ ಫಿಲ್ಮ್ ಕೇಳುವ ಸಮಯ ಕೊಟ್ಟರೆ ಮತ್ತೆ ಅದೇ ಮಸುಕು. ಆದರೆ ಹಗಲಿನಲ್ಲಿ ಅದೇ ರೀಲು ಪಟ್ಟಿಗಳನ್ನು ಎಷ್ಟು ಚೆನ್ನಾಗಿ ಹಿಡಿಯಿತು! ಆ ಪಟ್ಟಿಗಳಿರುವುದೇ ಹಗಲಲ್ಲಿ ನಾವಿಕರು ಇದು ಯಾವ ಗೋಪುರ ಎಂದು ಗುರುತಿಸಲಿಕ್ಕೆ.

ಖರ್ಚು ಕೇಳಿದರೆ, ಬಾಡಿಗೆ ಲೆನ್ಸಿಗೆ ದಿನಕ್ಕೆ ಆರೇಳು ನೂರು. ಉಪ್ಪು ಹಿಡಿದ ಟ್ರೈಪಾಡ್ ಕಾಲುಗಳ ರಿಪೇರಿಗೆ ಸುಮಾರು ಒಂದೂವರೆ ಸಾವಿರ. ಈಗ ಮನೆಗೆ ಬಂದ ಕೂಡಲೇ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಮಲಗುತ್ತೇನೆ.